ಮಾತಾಡಿಸಬಾರದ ಎಸೆಗಾರ

ಹಾರ್ಲಿ ಸ್ಟೇಮಿಗೆ ಎರಡು ವಯಸ್ಸು. ಒಂದು ಅವನ ತಾಯಿ ಬೈಬಲ್ಲಿನ ಮೊದಲ ಹಾಳೆಯಲ್ಲಿ ಬರೆದಿಟ್ಟದ್ದು, ಇನ್ನೊಂದು ಬೇಸ್‌ಬಾಲ್ ತಂಡದವರಿಗೆ ಅವನೇ ಹೇಳಿದ್ದು. ಎರಡರ ನಡುವಿನ ಮೂರು ವರ್ಷವನ್ನು ಯುದ್ಧ ನುಂಗಿತ್ತು. ಹದಿನೆಂಟರಲ್ಲಿ ತಂಡಕ್ಕೆ ಸೇರಿದ ಹುಡುಗ ಎರಡು ಬೇಸಿಗೆ ನೆಟ್ಟಗೆ ಆಡಿದ್ದನೋ ಇಲ್ಲವೋ, ಸೈನ್ಯದವರು ಕರೆದುಕೊಂಡು ಹೋದರು. ಬೆಲ್ಜಿಯಮ್ಮಿನ ಹಿಮದಲ್ಲಿ ಎರಡು ಕಾಲ್ಬೆರಳು ಬಿಟ್ಟು ವಾಪಸು ಬಂದಾಗ ಅವನಿಗೆ ಇಪ್ಪತ್ಮೂರು. "ಇಪ್ಪತ್ತು" ಎಂದು ಹೇಳಿ ಮತ್ತೆ ಆಟಕ್ಕೆ ನಿಂತ. ಆ ಕಾಲದಲ್ಲಿ ಸಣ್ಣ ಲೀಗುಗಳಲ್ಲಿ ಆಡುವವರೆಲ್ಲ ಹೀಗೇ ಮಾಡುತ್ತಿದ್ದರು. ನಿಜವಾದ ವಯಸ್ಸು ಹೇಳಿಕೊಂಡು ಓಡಾಡುವವನು ಒಂದೋ ಪಾದ್ರಿ, ಇಲ್ಲವೇ ದಡ್ಡ.

ಅವನ ಹೆಂಡತಿ ಓಲೀನ್ ಇದನ್ನೇ ಹಿಡಿದುಕೊಂಡು ಅಕ್ಕಪಕ್ಕದವರ ಮುಂದೆ ಗೇಲಿ ಮಾಡುತ್ತಿದ್ದಳು. "ನನಗೆ ಇಬ್ರು ಗಂಡಂದಿರು ಕಣ್ರೀ. ಒಬ್ಬನಿಗೆ ಮೂವತ್ತೊಂದು, ಮನೇಲಿ ಬೆನ್ನುನೋವು ಅಂತ ನರಳ್ತಾ ಬಿದ್ದಿರ್ತಾನೆ. ಇನ್ನೊಬ್ಬನಿಗೆ ಇಪ್ಪತ್ತೆಂಟು, ಭಾರಿ ಚುರುಕು. ಆದ್ರೆ ಅವನು ಮೈದಾನದಲ್ಲೇ ಇರ್ತಾನೆ, ಮನೆಗೇ ಬರಲ್ಲ!"

ಯುದ್ಧಕ್ಕೆ ಮುಂಚೆ ಹಾರ್ಲಿಯ ಚೆಂಡಿಗೆ ವೇಗವಿತ್ತು, ಆದರೆ ಅದು ಎಲ್ಲಿಗೆ ಹೋಗುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಯುದ್ಧದ ಮೇಲೆ ಅವನು ಹೇಳಿದ ಜಾಗಕ್ಕೇ ಚೆಂಡು ಹೋಗತೊಡಗಿತು, ಆದರೆ ವೇಗ ಹೋಗಿಬಿಟ್ಟಿತ್ತು. ಬೆರಳಿಲ್ಲದ ಕಾಲಿನಿಂದ ನೆಲ ಒದ್ದು ಎಸೆಯುವುದೆಂದರೆ ಸುಮ್ಮನೆಯೇ? ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಅಂಥವನಿಗೆ ದೊಡ್ಡ ತಂಡದಲ್ಲಿ ಜಾಗವಿಲ್ಲ, ಹಾಗಂತ ಬಿಸಾಡುವ ಸಾಮಾನೂ ಅವನಲ್ಲ. ದೊಡ್ಡ ತಂಡ ನಡೆಸುವ ಮೇಲಿನವರು ಅವನನ್ನು ಕೆರೊಲೈನಾದ ಗಿರಣಿಯೂರುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಎತ್ತಿ ಎತ್ತಿ ಇಟ್ಟರು. ಒಮ್ಮೆ ಮಾತ್ರ ಮೇಲಿನ ಮೆಟ್ಟಿಲು ಹತ್ತಿಸಿ, ಅಲ್ಲಿನ ನೀರು ಒಗ್ಗುವುದರೊಳಗೆ ಕೆಳಗಿಳಿಸಿದ್ದೂ ಆಯಿತು. ಬೇಸಿಗೆ ಪೂರ್ತಿ ಬಸ್ಸು, ಬಸ್ಸಿನಲ್ಲಿ ಬೆವರಿದ ಉಣ್ಣೆಯಂಗಿಗಳ ನಾತ, ದಾರಿಯಲ್ಲಿ ತಣ್ಣಗಾದ ಸಾಸೇಜು ಬಿಸ್ಕಿಟ್ಟು. ಚಳಿಗಾಲ ಬಂತೆಂದರೆ ಅಪ್ಪ ಕೆಮ್ಮಿ ಕೆಮ್ಮಿ ಸತ್ತ ಅದೇ ಹತ್ತಿಗಿರಣಿಯಲ್ಲಿ ಕೂಲಿ. ಹಾರ್ಲಿಗೆ ಗಿರಣಿಯೆಂದರೆ ಭಯ. ಅವನು ಆಟ ಬಿಡದೆ ಇದ್ದದ್ದಕ್ಕೆ ಅರ್ಧ ಕಾರಣ ಆಟದ ಹುಚ್ಚು, ಉಳಿದರ್ಧ ಆ ಭಯ.

ಓಲೀನ್ ಬೆಟ್ಟದ ಸೀಮೆಯವಳು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಅವಳ ಹೃದಯಕ್ಕೆ ಇಳಿದಿತ್ತು. ಮಕ್ಕಳಾಗುವುದು ಬೇಡ, ಬೆಟ್ಟ ಹತ್ತುವುದು ಬೇಡ, ಕೂಗಾಡುವುದು ಬೇಡ ಎಂದು ಡಾಕ್ಟರು ಹೇಳಿದ್ದರು. ಮೊದಲಿನ ಎರಡನ್ನು ಅವಳು ಕೇಳಿದಳು. ಮೂರನೆಯದು ಮಾತ್ರ ಅವಳ ಕೈಲಾಗಲಿಲ್ಲ. ಪ್ರತಿ ಬೇಸಿಗೆ ಗಂಡ ಯಾವ ಊರಿಗೆ ಹೋದರೆ ಆ ಊರಿಗೆ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದಳು, ಬಾಡಿಗೆ ಕೋಣೆಯ ಪರದೆ ಬದಲಾಯಿಸಿ ಅದನ್ನೇ ಮನೆ ಅನ್ನುತ್ತಿದ್ದಳು. ಮೈದಾನಕ್ಕೆ ಬಂದರೆ ಮಡಿಲಲ್ಲಿ ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಇಟ್ಟುಕೊಂಡು ಕೂತು, ಎಸೆಯುವಾಗ ಗಂಡನ ಮೊಣಕೈ ಒಂದಿಷ್ಟು ಇಳಿದರೂ ಸಾಕು, "ಮೊಣಕೈ ಕಣೋ, ಮೊಣಕೈ!" ಎಂದು ಮೂರು ಬೀದಿಗೆ ಕೇಳುವಂತೆ ಕಿರುಚುತ್ತಿದ್ದಳು. ಈಗಿನ ತಂಡವನ್ನು ಆಡಿಸುವ ಯಜಮಾನ ಕ್ರೌಡರ್ ಮುದುಕ, "ನನಗಿಂತ ಇವಳಿಗೇ ಸಂಬಳ ಕೊಡಬೇಕು" ಅನ್ನುತ್ತಿದ್ದ.

ಮದುವೆಯಾದ ಹೊಸದರಲ್ಲಿ ಅವಳು ಗಂಡನಿಂದ ಒಂದೇ ಒಂದು ಮಾತು ತೆಗೆದುಕೊಂಡಿದ್ದಳು. ಅವಳ ತಾಯಿ ಸತ್ತಾಗ ತಂದೆ ಮರ ಕೊಯ್ಯುವ ಕಾರ್ಖಾನೆಯಲ್ಲಿದ್ದ. ಹೆಂಡತಿ ಕರೆಯುತ್ತಿದ್ದಾಳೆಂದು ಹೇಳಿಕಳಿಸಿದರೂ ಪಾಳಿ ಮುಗಿಸಿಯೇ ಬಂದ. ಆ ತಾಯಿ ಬಾಗಿಲು ನೋಡುತ್ತ ಸತ್ತದ್ದನ್ನು ಓಲೀನ್ ಮಂಚದ ಬುಡದಲ್ಲಿ ಕೂತು ಕಂಡಿದ್ದಳು.

"ನನಗೆ ಚಿನ್ನ ಬೇಡ, ಮನೆ ಬೇಡ. ದೊಡ್ಡ ತಂಡದಲ್ಲಿ ನೀನು ಆಡದೆ ಇದ್ರೂ ಬೇಜಾರಿಲ್ಲ," ಅಂದಿದ್ದಳು. "ಆ ಹೊತ್ತಿಗೆ ಮಾತ್ರ ನೀನು ಪಕ್ಕದಲ್ಲಿರಬೇಕು. ನಾನು ಬಾಗಿಲು ನೋಡ್ಕೊಂಡು ಸಾಯೋ ಹಾಗೆ ಮಾಡ್ಬೇಡ."

"ಇರ್ತೀನಿ," ಎಂದಿದ್ದ ಹಾರ್ಲಿ. "ಎಲ್ಲಿದ್ರೂ ಓಡಿ ಬರ್ತೀನಿ."

ಹಾರ್ಲಿಯ ಕತೆ ಹೇಳಬೇಕಾದರೆ ಬೇಸ್‌ಬಾಲ್ ಆಡುವವರ ಒಂದು ಕಟ್ಟುಪಾಡನ್ನೂ ಹೇಳಲೇಬೇಕು. ಎಸೆಗಾರನೊಬ್ಬ ಎದುರಾಳಿಗಳಿಗೆ ಒಂದೇ ಒಂದು ಹೊಡೆತವನ್ನೂ ಬಿಟ್ಟುಕೊಡದೆ ಆಟ ಸಾಗಿಸುತ್ತಿದ್ದಾನೆ ಎಂದಿಟ್ಟುಕೊಳ್ಳಿ. ದಾಂಡಿಗ ಹೊಡೆದು, ಔಟಾಗದೆ ಓಡಿ ಮೊದಲ ಬೇಸ್ ಮುಟ್ಟಿದರೆ ಮಾತ್ರ ಅದು ಹೊಡೆತ; ಚೆಂಡನ್ನು ಯಾರಾದರೂ ಹಿಡಿದರೆ, ಇಲ್ಲವೇ ಅವನಿಗಿಂತ ಮುಂಚೆ ಬೇಸಿಗೆ ಎಸೆದರೆ ಲೆಕ್ಕಕ್ಕಿಲ್ಲ. ಮೂವರು ಔಟಾದರೆ ಒಂದು ಇನಿಂಗ್ಸು; ಅಂಥ ಒಂಬತ್ತು ಇನಿಂಗ್ಸೂ ಹಾಗೆಯೇ ಮುಗಿಸುವವರು ಸಾವಿರದಲ್ಲಿ ಒಬ್ಬರು. ಅರ್ಧ ಆಟ ದಾಟಿದ ಮೇಲೂ ಹೊಡೆತ ಬಿದ್ದಿಲ್ಲವೆಂದರೆ ಅವನ ಕಡೆಯವರು ಯಾರೂ ಅವನನ್ನು ಮಾತಾಡಿಸುವುದಿಲ್ಲ. ಪಕ್ಕದಲ್ಲಿ ಕೂರುವುದಿಲ್ಲ, ನೀರು ಬೇಕಾ ಎಂದೂ ಕೇಳುವುದಿಲ್ಲ. ಆ ಮಾತನ್ನು ಬಾಯಿಬಿಟ್ಟು ಆಡಿದರಂತೂ ಕಣ್ಣು ತಾಗಿದಂತೆಯೇ. ರೇಡಿಯೊದಲ್ಲಿ ಆಟ ಬಣ್ಣಿಸುವವನೂ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತಾನೆ. ದೇವರನ್ನು ನಂಬದವರೂ ಇದನ್ನು ನಂಬುತ್ತಾರೆ. ಎರಡು ವರ್ಷದ ಹಿಂದೆ ಹಾರ್ಲಿ ಎಂಟು ಇನಿಂಗ್ಸು ಹಾಗೆ ಎಸೆದಿದ್ದ. ಆಗ ಹೊಸದಾಗಿ ಸೇರಿದ ಆಟಗಾರನೊಬ್ಬ ಬೆಂಚಿನ ಮೇಲೆ, "ಅಣ್ಣಾ, ಒಂದೂ ಹೊಡೆತ ಹೋಗಿಲ್ಲ, ಗೊತ್ತಾ?" ಎಂದುಬಿಟ್ಟ. ಮುಂದಿನ ದಾಂಡಿಗನೇ ಹೊಡೆದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಹುಡುಗನ ಜೊತೆ ತಂಡದವರು ವಾರಗಟ್ಟಲೆ ಮಾತು ಬಿಟ್ಟರು, ಎಲ್ಲರಿಗಿಂತ ಹೆಚ್ಚು ದಿನ ಬಿಟ್ಟವನು ಹಾರ್ಲಿ.

ಐವತ್ತನಾಲ್ಕರ ಆಗಸ್ಟಿನಲ್ಲಿ ಹಾರ್ಲಿ ಕಾಟ್ರಿಲ್ ಎಂಬ ಗಿರಣಿಯೂರಿನ ತಂಡದಲ್ಲಿದ್ದ. ಆ ವಾರ ಓಲೀನಳ ಪಾದ ಊದಿ, ಮಲಗಿದರೆ ಉಸಿರು ಸಿಗದಂತಾಗಿ, ಊರಿನ ಆಸ್ಪತ್ರೆಗೆ ಸೇರಿಸಿದ್ದರು. ಮೈದಾನದಿಂದ ನೋಡಿದರೆ ಬಲಗಡೆ ಬೇಲಿಯಾಚೆ ಗಿರಣಿಯ ಕೆರೆ, ಕೆರೆಯಾಚೆ ಆಸ್ಪತ್ರೆಯ ಕೆಂಪು ಮಾಡು ಕಾಣುತ್ತಿತ್ತು. ಭಾನುವಾರದ ಹೊತ್ತಿಗೆ ಅವಳು ಸ್ವಲ್ಪ ಗೆಲುವಾಗಿದ್ದಳು. ದಿಂಬುಗಳಿಗೆ ಒರಗಿ ಕೂತು ಗಂಡನನ್ನು ಬೈಯುವಷ್ಟು ಶಕ್ತಿ ಬಂದಿತ್ತು.

"ಇವತ್ತು ಆಡಲ್ಲ ಅಂತ ಕ್ರೌಡರ್‌ಗೆ ಹೇಳ್ತೀನಿ," ಎಂದ ಹಾರ್ಲಿ.

"ಯಾಕೆ? ಇಲ್ಲಿ ಕೂತು ನನ್ನ ಮುಖ ನೋಡಿದ್ರೆ ಹೃದಯ ರಿಪೇರಿ ಆಗುತ್ತಾ?"

"ನಾನು ಮಾತು ಕೊಟ್ಟಿದೀನಿ ಓಲೀನ್."

"ಕೊಟ್ಟ ಮಾತು ಇವತ್ತಿಗಲ್ಲ. ಡಾಕ್ಟ್ರೇ ಹೇಳ್ಲಿಲ್ವಾ ಪರವಾಗಿಲ್ಲ ಅಂತ?" ಅವಳು ಅವನ ಅಂಗಿಯ ಗುಂಡಿ ಸರಿಮಾಡಿದಳು. ಅವಳ ಉಗುರುಗಳು ನೀಲಿಯಾಗಿದ್ದವು. "ನರ್ಸಮ್ಮ ರೇಡಿಯೊ ಹಾಕ್ತೀನಿ ಅಂದಿದಾರೆ. ನಿನ್ನ ಮೊಣಕೈ ಇಳಿದ್ರೆ ನನಗೆ ಇಲ್ಲಿಗೇ ಗೊತ್ತಾಗುತ್ತೆ. ಹೋಗು ಹೋಗು."

ಅವನು ಹೋದ. ಬಟ್ಟೆ ಬದಲಿಸುವ ಮುಂಚೆ ನೇರ ಕ್ರೌಡರನ ಹತ್ತಿರ ನಿಂತ. ಕ್ಯಾಚರ್ ಟಾಲಿ ಬ್ರೂಕ್ಸ್ ಕೂಡ ಅಲ್ಲೇ ಕೂತು ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ. ಹಾರ್ಲಿ ಎಸೆದದ್ದನ್ನು ಹಿಡಿಯುವವನು ಟಾಲಿ. ಮೇಲಿನವರು ಯಾವ ಊರಿಗೆ ಕಳಿಸಿದರೂ ಜೊತೆಗೇ ಹೋಗಿ, ಐದು ಬೇಸಿಗೆಯಿಂದ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಬಂದ ಗೆಳೆಯ. ಓಲೀನಳ ಕೈಯ ಊಟ ಹಾರ್ಲಿಗಿಂತ ಅವನೇ ಹೆಚ್ಚು ಉಂಡಿದ್ದನೋ ಏನೋ.

"ಯಜಮಾನ್ರೇ, ಆಸ್ಪತ್ರೆಯಿಂದ ಫೋನ್ ಬಂದ್ರೆ ನಾನು ಎಸೆಯೋ ದಿಬ್ಬದ ಮೇಲೆ ನಿಂತಿದ್ರೂ ಕರೀರಿ. ಚೆಂಡು ಅಲ್ಲೇ ಬಿಸಾಕಿ ಹೋಗ್ತೀನಿ."

"ಹೋಗಯ್ಯಾ, ಅದನ್ನ ನನಗೆ ಹೇಳ್ಬೇಕಾ?" ಎಂದು ಕ್ರೌಡರ್ ಹೊಗೆಸೊಪ್ಪು ಉಗಿದ. "ನನಗೂ ಹೆಂಡ್ತಿ ಇದಾಳೆ. ಎಲ್ಲಿದಾಳೆ ಅನ್ನೋದು ಮಾತ್ರ ಗೊತ್ತಿಲ್ಲ."

"ನಾನಿದೀನಲ್ಲೋ," ಎಂದ ಟಾಲಿ. "ನಾನೇ ಬಂದು ಹೇಳ್ತೀನಿ."

ಇಗರ್ಜಿ ಬಿಟ್ಟು, ಊಟ ಮುಗಿಸಿ ಊರಿಗೆ ಊರೇ ಮೈದಾನಕ್ಕೆ ಬಂದಿತ್ತು. ಎದುರಾಳಿಗಳು ಮರೋ ಕ್ರೀಕಿನವರು. ಹೊಡೆತಗಾರರಿಗಿಂತ ಬಾಯಿಬಡುಕರು ಆ ತಂಡದಲ್ಲಿ ಹೆಚ್ಚು. ಹಾರ್ಲಿ ದಿಬ್ಬ ಹತ್ತಿದ್ದೇ ತಡ ಶುರುಮಾಡಿದರು. "ಓ ತಾತಾ! ಕೋಲು ಮರೆತು ಬಂದ್ಯಾ?" "ಅವನ ಚೆಂಡು ಬರೋದ್ರೊಳಗೆ ನಾನೊಂದು ನಿದ್ದೆ ತೆಗೀತೀನಿ, ಬಂದ್ಮೇಲೆ ಎಬ್ಬಿಸ್ರೋ!"

ಹಾರ್ಲಿಗೆ ಅದೊಂದೂ ತಾಗಲಿಲ್ಲ. ಕೈ ಅಂದು ಯಾಕೋ ಹಗುರವಾಗಿತ್ತು. ನಿಧಾನದ ಚೆಂಡು ದಾಂಡಿಗನ ಎದುರಿಗೆ ಬಂದು, ಮನಸ್ಸು ಬದಲಾಯಿಸಿದ ಹಾಗೆ ಪಕ್ಕಕ್ಕೆ ಹೊರಳುತ್ತಿತ್ತು. ದಾಂಡಿಗರು ಗಾಳಿಗೆ ಬೀಸಿ ಸುಸ್ತಾದರು. ಎರಡನೇ ಇನಿಂಗ್ಸಿನಲ್ಲಿ ಒಮ್ಮೆ ಮೊಣಕೈ ಇಳಿಯಿತು. ಕಿವಿ ತಾನಾಗಿ ಗ್ಯಾಲರಿಯ ಕಡೆ ತಿರುಗಿತು, ಕೂಗುವವಳು ಅಲ್ಲಿರಲಿಲ್ಲ. ಅವನೇ ಸರಿಮಾಡಿಕೊಂಡ. ಹೊಡೆತವಿಲ್ಲದೆ ಮೂರು ಇನಿಂಗ್ಸು ಕಳೆದವು, ನಾಲ್ಕು ಕಳೆದವು. ಐದನೆಯದು ಮುಗಿಸಿ ಬಂದು ಬೆಂಚಿನಲ್ಲಿ ಕೂತಾಗ ಪಕ್ಕದಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಆಚೆ ತುದಿಗೆ ಸರಿದರು. ಕೈಗವಸು ಹುಡುಕುವವನಂತೆ ಒಬ್ಬ, ನೀರು ಕುಡಿಯುವವನಂತೆ ಇನ್ನೊಬ್ಬ.

ಹಾರ್ಲಿಗೆ ಅರ್ಥವಾಯಿತು.  ಹದಿಮೂರು ವರ್ಷ ಊರೂರು ಅಲೆದು, ಬೆಂಚಿನ ಮೇಲೆ ಎಲ್ಲರ ಬಾಯಿಗೂ ಬಿದ್ದು ಬದುಕಿದವನಿಗೆ ಈ ಮೌನ ದೊಡ್ಡ ಬಹುಮಾನದಂತೆ ಕಂಡಿತು. ಆಟಗಾರರನ್ನು ಆರಿಸಲು ಬಂದ, ಮೇಲಿನ ತಂಡದ ಕಡೆಯ ಮನುಷ್ಯನೊಬ್ಬ ಹ್ಯಾಟು ಹಾಕಿಕೊಂಡು ಬಿಸಿಲಲ್ಲಿ ಕೂತಿದ್ದನ್ನು ಅವನೂ ನೋಡಿದ್ದ. ಇವತ್ತು ಇದಾದರೆ ಓಲೀನಳಿಗೆ ಹೇಳಬೇಕು, ನಗುತ್ತಾಳೆ ಎಂದುಕೊಂಡ.

ಅವನು ಹೀಗೆ ಅಂದುಕೊಳ್ಳುತ್ತ ಕೂತ ಸ್ವಲ್ಪ ಹೊತ್ತಿಗೇ, ಆರನೇ ಇನಿಂಗ್ಸಿನ ಕೊನೆಯಲ್ಲಿ ಫೋನು ಬಂತು. ಈಗ ಹೇಳುವುದು ಅವನಿಗೆ ಆಮೇಲೆ ತಿಳಿದದ್ದು. ಟಿಕೆಟ್ ಕಿಂಡಿಯ ಹೆಂಗಸು ಗ್ಯಾಲರಿಯ ಕೆಳಗಿಂದ ಏದುಸಿರು ಬಿಡುತ್ತ ಬಂದು, ಬೆಂಚಿನ ಹಿಂದೆ ಕ್ರೌಡರನನ್ನು ಕರೆದಳು. ಟಾಲಿಯೂ ಎದ್ದುಹೋದ.

"ಹಾರ್ಲಿ ಹೆಂಡ್ತಿಗೆ ಉಸಿರು ಕಟ್ತಾ ಇದೆಯಂತೆ. ಅವನನ್ನೇ ಕೇಳ್ತಿದಾಳಂತೆ. ಈಗಿಂದೀಗ್ಲೇ ಕಳಿಸಿ ಅಂದ್ರು," ಎಂದಳು.

ಟಾಲಿ ತಿರುಗಿ ಹೊರಟೇಬಿಟ್ಟಿದ್ದ. ಕ್ರೌಡರ್ ಅವನ ಎದೆಪಟ್ಟಿಗೆ ಕೈಹಾಕಿ ಎಳೆದ. "ತಡಿಯೋ."

"ಏನು ತಡಿಯೋದು? ಮಾತು ಕೊಟ್ಟಿದೀವಿ."

"ಗೊತ್ತೋ. ನನಗೇನು ಕಲ್ಲೆದೆಯಾ?" ಮುದುಕ ಎದೆಪಟ್ಟಿ ಬಿಡಲಿಲ್ಲ. "ಮೂರೇ ಮೂರು ಇನಿಂಗ್ಸು ಉಳಿದಿದೆ. ಇವತ್ತು ಅವನು ಎಸೀತಿರೋ ರೀತಿಗೆ ಅರ್ಧ ಗಂಟೆ ಮೇಲೆ ಅರ್ಧ ಗಂಟೆ ಅಷ್ಟೇ. ಮೇಲಿನೋನು ಅಲ್ಲಿ ಕೂತು ನೋಡ್ತಿದಾನೆ. ಹೋದ ಸಲ ಒಂದು ಮಾತಲ್ಲಿ ಅವನದು ಮಣ್ಣುಪಾಲಾಯ್ತು. ಮತ್ತೆ ನಾನು ಅದನ್ನ ಮಾಡ್ಲಾ? ಹಿಂದೇನೂ ಅವಳಿಗೆ ಹೀಗೆ ಕಟ್ಟಿತ್ತು, ಬಿಟ್ಟಿತ್ತು. ಅವಳೇ ಇಲ್ಲಿದ್ದಿದ್ರೆ ಏನಂತಿದ್ಲು? ಹೇಳು, ಏನಂತಿದ್ಲು?"

ಟಾಲಿ ಎಳೆದಾಡುವುದನ್ನು ಬಿಟ್ಟ. ಒಳ್ಳೆಯದನ್ನು ಮಾಡುತ್ತಿದ್ದೇವೆಂದು ನಂಬಿ ಇಬ್ಬರು ಮನುಷ್ಯರು ಹಾಳು ಮಾಡಲು ಇಷ್ಟೇ ಹೊತ್ತು ಸಾಕು. ಬೆಂಚಿಗೆ ವಾಪಸು ಬಂದಾಗ ಅವರಿಬ್ಬರ ಮುಖ ನೋಡಿಯೇ ಉಳಿದವರಿಗೂ ಸುದ್ದಿ ತಿಳಿಯಿತು. ಅಲ್ಲಿಯವರೆಗೆ ಎಸೆಗಾರನಿಗೋಸ್ಕರ ಇದ್ದ ಮೌನ ಆಗಿಂದ ಬೇರೆಯೇ ಆಯಿತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ.

ಏಳನೇ ಇನಿಂಗ್ಸಿನಲ್ಲಿ ಟಾಲಿ ಯಾವ ಚೆಂಡು ಎಸೆಯಬೇಕೆಂದು ತಿಳಿಸುವ ಬೆರಳಿನ ಸನ್ನೆಯನ್ನು ತಪ್ಪಾಗಿ ಕೊಟ್ಟ. ಐದು ವರ್ಷದಲ್ಲಿ ಅವನು ಹಾಗೆ ತಪ್ಪಿದ್ದೇ ಇಲ್ಲ. ಚೆಂಡು ಅವನ ಕೈಗವಸಿಗೆ ತಾಗಿ ಹಿಂದಕ್ಕೆ ಉರುಳಿತು. ಹಾರ್ಲಿ ಸನ್ನೆ ಮಾಡಿ ಕರೆದದ್ದರಿಂದ ಅವನು ದಿಬ್ಬಕ್ಕೆ ಬರಲೇಬೇಕಾಯಿತು. ಬಂದವನು ಮುಖದ ಕಬ್ಬಿಣದ ಜಾಲರಿ ಮೇಲೆತ್ತಿದ. ಕಣ್ಣು ಕೆಂಪಾಗಿದ್ದವು. ಏನೋ ಹೇಳುವವನಂತೆ ಬಾಯಿ ತೆರೆದು, ಹೇಳದೆ ಮುಚ್ಚಿ, ಚೆಂಡನ್ನು ಹಾರ್ಲಿಯ ಕೈಯಲ್ಲಿಟ್ಟ. ಆ ಕೈ ಒಂದಿಷ್ಟು ಹೊತ್ತು ಅಲ್ಲೇ ಇತ್ತು.

ಹಾರ್ಲಿಯ ಮನಸ್ಸಿನಲ್ಲಿ ಓಲೀನ್ ಎಂಬ ಹೆಸರು ಎದ್ದಿತು. ಆ ಕಣ್ಣು ಧೂಳಿಗೆ ಕೆಂಪಾದದ್ದಲ್ಲವೆಂದು ಅವನಿಗೆ ಗೊತ್ತಾಯಿತು. "ಏನಾಯ್ತೋ" ಅಂತ ಒಂದು ಮಾತು ಕೇಳಿದರೆ ಸಾಕಿತ್ತು, ಟಾಲಿ ಅಲ್ಲೇ ಕುಸಿದುಬೀಳುತ್ತಿದ್ದ. ಆದರೆ ಕೇಳಿದರೆ ಮಾತಾಡಿದಂತೆ, ಮಾತಾಡಿದರೆ ಆಟ ಮುಗಿದಂತೆ. ಫೋನು ಬಂದಿದ್ದರೆ ಇವರು ಹೇಳುತ್ತಿದ್ದರು, ಹೇಳಿಲ್ಲವೆಂದರೆ ಬಂದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಟಾಲಿ ಇನ್ನೂ ನಿಂತೇ ಇದ್ದ. ಹಾರ್ಲಿ ಅವನಿಗೆ ಬೆನ್ನು ಹಾಕಿ, ಚೆಂಡು ಜಾರದಂತೆ ಕೈಗೆ ರಾಳದ ಪುಡಿ ಉಜ್ಜಿಕೊಂಡ. ಟಾಲಿ ಹೊರಟುಹೋದ.

ಎಂಟನೆಯದು ಮುಗಿಸಿ ಬಂದಾಗ ಬೆಂಚಿನಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಆಟದುದ್ದಕ್ಕೂ ಅಂಪೈರನ ವಂಶವನ್ನೆಲ್ಲ ಬೈದು ತೀರಿಸುವ ಕ್ರೌಡರ್ ಅಂದು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತ ಕೂತಿದ್ದ. ಹಾರ್ಲಿ ಅದನ್ನೂ ನೋಡಿದ. ನೋಡಿ ಮುಖ ತಿರುಗಿಸಿದ. ತಿರುಗಿಸಿದ ಕಡೆ ಬೇಲಿಯಾಚೆ ಆ ಕೆಂಪು ಮಾಡು ಇತ್ತು. ಆಗ ಅವನು ತನ್ನ ಬೂಟುಗಳನ್ನು ನೋಡುತ್ತ ಕೂತ.

ಒಂಬತ್ತನೇ ಇನಿಂಗ್ಸಿನಲ್ಲಿ ಮರೋ ಕ್ರೀಕಿನ ಬಾಯಿಗಳು ಕೊನೆಯ ಅಸ್ತ್ರ ಬಿಟ್ಟವು. "ತಾತಾ, ಒಂದೂ ಹೊಡೆತ ಹೋಗಿಲ್ಲ ಕಣೋ! ಕೇಳಿಸ್ತಾ? ಒಂದೂ ಇಲ್ಲ!" ಎದುರಾಳಿ ಹೇಳಿದರೆ ಕಣ್ಣು ತಾಗುವುದಿಲ್ಲವೆಂದು ಶಾಸ್ತ್ರ. ಮೊದಲನೆಯವನು ಬೀಸಿ ತಪ್ಪಿದ. ಎರಡನೆಯವನ ಚೆಂಡು ಆಕಾಶಕ್ಕೆ ಹೋಗಿ ಟಾಲಿಯ ಕೈಗೇ ಇಳಿಯಿತು. ಮೂರನೆಯವನು ಹೊಡೆದದ್ದು ನೆಲದಲ್ಲಿ ಕುಪ್ಪಳಿಸುತ್ತ ಹೋಗಿ ಕಾವಲಿನವನ ಕೈಗೆ ಸಿಕ್ಕಿತು, ಅವನು ಮೊದಲ ಬೇಸಿಗೆ ಎಸೆದ, ದಾಂಡಿಗ ಔಟಾದ, ಅಲ್ಲಿಗೆ ಆಟ ಮುಗಿಯಿತು. ಗ್ಯಾಲರಿ ಎದ್ದು ನಿಂತು ಕೂಗಿತು. ಕೂರುವ ಮೆತ್ತೆಗಳು, ಹ್ಯಾಟುಗಳು ಗಾಳಿಯಲ್ಲಿ ಹಾರಿದವು. ಹಾರ್ಲಿ ಎರಡೂ ಕೈ ಎತ್ತಿ, ಓಡಿ ಬಂದು ಮೇಲೆ ಬೀಳುವ ಗೆಳೆಯರಿಗಾಗಿ ತಿರುಗಿದ.

ಯಾರೂ ಓಡಿ ಬರಲಿಲ್ಲ. ಎಲ್ಲರೂ ನಿಂತಲ್ಲೇ ನಿಂತಿದ್ದರು. ಟಾಲಿ ಒಬ್ಬನೇ ಮುಖದ ಜಾಲರಿ ಕೈಯಲ್ಲಿ ಹಿಡಿದು ನಡೆದು ಬಂದ.

"ಓಲೀನ್," ಎಂದ. "ಆಗ್ಲೇ ಕರೆದಿದ್ರು ಹಾರ್ಲಿ. ಆರನೇದ್ರಲ್ಲೇ."

ಹಾರ್ಲಿ ಎತ್ತಿದ ಕೈ ಇಳಿಸದೆಯೇ ಓಡಿದ. ಬೇಲಿಯ ಸಂದಿಯಲ್ಲಿ ನುಸುಳಿ, ಕೆರೆಯ ಏರಿ ಮೇಲೆ, ಬೆರಳಿಲ್ಲದ ಕಾಲು ಎಳೆಯುತ್ತ ಓಡಿದ. ಹಿಂದೆ ಊರು ಇನ್ನೂ ಅವನ ಹೆಸರನ್ನು ಕೂಗುತ್ತಿತ್ತು. ಆಸ್ಪತ್ರೆಯ ಮೊಸಾಯಿಕ್ ನೆಲದ ಮೇಲೆ ಬೂಟಿನ ಮೊಳೆಗಳು ಕಟಕಟ ಸದ್ದು ಮಾಡಿ, ಹೆಂಗಸರ ವಾರ್ಡಿನಲ್ಲಿ ಮಲಗಿದ್ದವರು ತಲೆ ಎತ್ತಿ ನೋಡಿದರು. ಕೊನೆಯ ಮಂಚದ ಸುತ್ತ ಬಿಳಿ ಪರದೆ ಎಳೆದಿತ್ತು. ಕಿಟಕಿಯ ಮೇಲಿನ ರೇಡಿಯೊವನ್ನು ಯಾರೋ ಆರಿಸಿದ್ದರು.

ಅವಳು ಹೋಗಿ ತುಂಬ ಹೊತ್ತಾಗಿರಲಿಲ್ಲ. ಕೈ ಇನ್ನೂ ಬೆಚ್ಚಗಿತ್ತು. ಮುಖ ಬಾಗಿಲ ಕಡೆಗಿತ್ತು. ಹಾರ್ಲಿ ಆ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು, ಮಂಡಿಯೂರಿ, ಮಗುವಿನಂತೆ ಅತ್ತ. ಅವಳ ಹೆಸರನ್ನಲ್ಲದೆ ಬೇರೇನನ್ನೂ ಹೇಳಲು ಅವನಿಗೆ ಬರಲಿಲ್ಲ.

ನರ್ಸು ಒಳ್ಳೆಯ ಹೆಂಗಸು, ವಯಸ್ಸಾದವಳು. ಸಮಾಧಾನವಾಗಲೆಂದೇ ಹೇಳಿದಳು. "ನಿನ್ನ ಮೇಲೆ ಸಿಟ್ಟೇನೂ ಇರ್ಲಿಲ್ಲಪ್ಪ ಅವಳಿಗೆ. ಮೊದ್ಲು ಬಾರಿ ಬಾರಿ ಕೇಳಿದ್ಲು, ಫೋನ್ ಮಾಡ್ಸಿದ್ವಿ. ಆಮೇಲೆ ನೀನು ಬರದೆ ಇದ್ದಾಗ ಇನ್ನೊಂದ್ಸಲ ಮಾಡ್ಲಾ ಅಂದೆ. ಅವಳು ರೇಡಿಯೊ ಕಡೆ ಕಿವಿ ಕೊಟ್ಟು, 'ಈ ರೇಡಿಯೊದವನು ಏನನ್ನೋ ಹೇಳದೆ ಬಿಡ್ತಿದಾನೆ. ಒಂದೂ ಹೊಡೆತ ಹೋಗಿಲ್ಲ ನರ್ಸಮ್ಮ,' ಅಂದ್ಲು. ನನಗೆ ಆಟ ಗೊತ್ತಿಲ್ಲ, ನೀನೇ ಅರ್ಥ ಮಾಡ್ಕೋ. 'ಇನ್ನು ಮಾಡ್ಬೇಡಿ, ಅಲ್ಲಿ ಯಾರೂ ಅವನಿಗೆ ಹೇಳಲ್ಲ,' ಅಂದು ನಕ್ಕಳು ಕೂಡ."

ಹಾರ್ಲಿ ತಲೆ ಎತ್ತಿದ.

"'ಪರವಾಗಿಲ್ಲ, ಬರ್ತಾನೆ,' ಅಂದ್ಲು. 'ಟಾಲಿಗೆ ಏನನ್ನೂ ಮುಚ್ಚಿಡೋಕೆ ಬರಲ್ಲ. ಹಾರ್ಲಿ ಒಂದ್ಸಲ ಅವನ ಮುಖ ನೋಡಿದ್ರೆ ಸಾಕು, ತಾನೇ ಕೇಳ್ತಾನೆ. ಕೇಳಿದ ಕೂಡ್ಲೇ ಬರ್ತಾನೆ,' ಅಂದ್ಲು. ಹಾಗಂತ ಬಾಗಿಲು ನೋಡ್ತಾನೇ ಇದ್ಲಪ್ಪ, ಕೊನೇವರೆಗೂ. ಅಷ್ಟು ನಂಬಿಕೆ ಇತ್ತು ನೋಡು ನಿನ್ನ ಮೇಲೆ."

ಓಲೀನಳನ್ನು ಅವಳ ಬೆಟ್ಟದ ಊರಿಗೆ ಒಯ್ದು, ತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದರು. ತಂಡದವರೆಲ್ಲ ಅದೇ ಬಸ್ಸಿನಲ್ಲಿ ಬಂದಿದ್ದರು, ಕಪ್ಪು ಕೋಟು ಹಾಕಿಕೊಂಡು, ಸ್ಕೂಲಿನಲ್ಲಿ ಪೆಟ್ಟು ತಿಂದ ಹುಡುಗರ ಹಾಗೆ. ಕಾಟ್ರಿಲಿನಲ್ಲಿ ಅಷ್ಟು ಹೊತ್ತಿಗೆ ಸುದ್ದಿ ಹಬ್ಬಿ, ಊರವರು ಕ್ರೌಡರನಿಗೂ ಟಾಲಿಗೂ ಛೀಮಾರಿ ಹಾಕಿದ್ದರು. ಮಾಂಸದಂಗಡಿಯವನು ಟಾಲಿಗೆ ಸಾಮಾನು ಕೊಡಲಿಲ್ಲವಂತೆ. ಹಾರ್ಲಿಯನ್ನು ಕಂಡರೆ ಮಾತ್ರ ಎಲ್ಲರ ಕಣ್ಣಲ್ಲೂ ನೀರು. ಪಾಪ, ಅವನಿಗೆ ಗೊತ್ತೇ ಇರಲಿಲ್ಲವಲ್ಲ ಎಂದು ಹೆಂಗಸರು ಅವನ ಬೆನ್ನು ಸವರಿದರು.

ಪ್ರಾರ್ಥನೆ ಮುಗಿದ ಮೇಲೆ ಕ್ರೌಡರ್ ಹತ್ತಿರ ಬಂದ. ಕಣ್ಣಿಗೆ ಕಣ್ಣು ಕೊಡಲಾರದೆ, ಹಾರ್ಲಿಯ ಟೈ ನೋಡುತ್ತ ಮಾತಾಡಿದ. "ಹೇಳ್ಬಾರದ ಹೊತ್ತು. ಆದ್ರೂ ಹೇಳ್ಬೇಕು. ಮೇಲಿನೋರು ನಿನ್ನ ಕರೆದಿದಾರೆ. ದೊಡ್ಡ ತಂಡಕ್ಕೆ. ಸೀಸನ್ ಮುಗಿಯೋದ್ರೊಳಗೆ ಬಾ ಅಂದಿದಾರೆ."

"ನಿಜವಾದ ವಯಸ್ಸು ಹೇಳಿಬಿಡಿ ಅವರಿಗೆ," ಎಂದ ಹಾರ್ಲಿ. "ಕರೆಯಲ್ಲ." ಅಷ್ಟು ಹೇಳಿ ಇಗರ್ಜಿಯ ಹಿಂದೆ, ಸೇಬಿನ ಗಿಡಗಳ ಕಡೆ ನಡೆದ. ಅಳು ಬರುತ್ತಿರಲಿಲ್ಲ. ಎದೆಯೊಳಗೆ ಏನೋ ಕಲ್ಲಾಗಿ ಕೂತಿತ್ತು, ಅದರ ಹೆಸರು ಅವನೊಬ್ಬನಿಗೇ ಗೊತ್ತಿತ್ತು.

ಟಾಲಿ ಹಿಂದೆಯೇ ಬಂದ. ಅತ್ತು ಅತ್ತು ಮುಖ ಊದಿಕೊಂಡಿತ್ತು. ಹಾರ್ಲಿಯ ಹೆಗಲ ಮೇಲೆ ಕೈಯಿಟ್ಟು ತನ್ನ ಕಡೆ ತಿರುಗಿಸಿಕೊಂಡ.

"ಹೊಡಿ ಕಣೋ ನನ್ನ. ಒಂದ್ಸಲ ಹೊಡೆದುಬಿಡು. ಆ ಮುದುಕ ತಡಿ ಅಂದ, ನಾನು ತಡೆದೆ. ನಾನು ಮನುಷ್ಯನೇನೋ? ಅವಳ ಕೈಯಲ್ಲಿ ಅಷ್ಟು ವರ್ಷ ಉಂಡೆ. ದಿಬ್ಬಕ್ಕೆ ಬಂದಾಗ ಬಾಯಿವರೆಗೂ ಬಂದಿತ್ತು ಮಾತು. ನುಂಗಿಬಿಟ್ಟೆ. ಸಾಯೋತನಕ ಇದು ನನ್ನ ಬಿಡಲ್ಲ ಹಾರ್ಲಿ."

ಹಾರ್ಲಿ ಅವನನ್ನು ನೋಡಿದ. ಸುಮ್ಮನೆ ಒಮ್ಮೆ ಹೊಡೆದಿದ್ದರೂ ಸಾಕಿತ್ತು, ಇಲ್ಲವೇ ತಬ್ಬಿಕೊಂಡು, ಹೋಗಲಿ ಬಿಡೋ ಎಂದಿದ್ದರೂ ಆಗಿತ್ತು. ಟಾಲಿ ಆ ಭಾರವನ್ನು ತನ್ನದೆಂದೇ ಹೊತ್ತು ಹೋಗುತ್ತಿದ್ದ. ಊರೂ ಅದನ್ನೇ ನಂಬಿತ್ತು, ಇನ್ನು ಮುಂದೆಯೂ ನಂಬುತ್ತಿತ್ತು. ಸತ್ತವಳು ಬಂದು ಇಲ್ಲ ಅನ್ನುವುದಿಲ್ಲ.

"ನೀನು ಅವತ್ತು ದಿಬ್ಬಕ್ಕೆ ಬಂದೆಯಲ್ಲ," ಎಂದ ಹಾರ್ಲಿ. "ಮುಖದ ಜಾಲರಿ ಎತ್ತಿದೆ."

"ಹೂಂ."

"ನಿನ್ನ ಮುಖ ನೋಡಿದೆ. ಗೊತ್ತಾಯ್ತು ಕಣೋ."

"ಏನು ಗೊತ್ತಾಯ್ತು?"

"ಅವಳೇ ಅಂತ ಗೊತ್ತಾಯ್ತು. ಕೇಳಿದ್ರೆ ನೀನು ಹೇಳ್ತಿದ್ದೆ ಅಂತಾನೂ ಗೊತ್ತಿತ್ತು. ಆಟ ಕೆಡುತ್ತೆ ಅಂತ ಕೇಳಲಿಲ್ಲ."

ಟಾಲಿಯ ಅಳು ನಿಂತಿತು. ಅವನು ಹಾರ್ಲಿಯ ಮುಖವನ್ನು ಬಹಳ ಹೊತ್ತು ನೋಡಿದ, ಈ ಮನುಷ್ಯನನ್ನು ಎಲ್ಲೂ ಕಂಡಿಲ್ಲವೆನ್ನುವಂತೆ. ಆಮೇಲೆ ಹೆಗಲ ಮೇಲಿಟ್ಟಿದ್ದ ಕೈಯನ್ನು ಮೆಲ್ಲಗೆ ತೆಗೆದು, ಏನೂ ಹೇಳದೆ ಬಸ್ಸಿನ ಕಡೆ ನಡೆದ.